ಕಿಟಕಿ ಕಡೆಗೆ ಸ್ವಲ್ಪ ವಾಟ

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೊಂದು ಜಾಗವಿದೆ. ಮಗ ಶಶಿಕಿರಣನಿಗೆ ಮುಂದಿನ ಪಾತ್ರೆ ಅಂಗಡಿಯ ಗಲ್ಲಾ. ಸೊಸೆ ನಾಗಶ್ರೀಗೆ ಅಡುಗೆಮನೆ, ಜೊತೆಗೆ ಮಹಡಿಯಲ್ಲಿ ಪ್ರವಾಸಿಗಳಿಗೆ ಕೊಡುವ ಹೋಂಸ್ಟೇ ರೂಮುಗಳು. ನಾಯಿಗೂ ಮೆಟ್ಟಿಲ ಕೆಳಗೆ ಗೋಣಿಚೀಲ ಹಾಸಿಕೊಟ್ಟಿದ್ದಾರೆ. ಜಾಗವಿಲ್ಲದವಳು ನಾನೊಬ್ಬಳೇ. ಹೆಸರು ಶಿವಗಂಗಮ್ಮ. ಗಂಡ ತೀರಿಕೊಂಡ ಮೇಲೆ ಆ ಅಂಗಡಿಯನ್ನು ಒಬ್ಬಳೇ ನಡೆಸಿದವಳು. ಮೂಡಿಗೆರೆ ಸುತ್ತಲಿನ ಯಾವ ಎಸ್ಟೇಟಿನ ಮದುವೆಯಾದರೂ ಹಂಡೆ, ಕೊಳಗ ನನ್ನ ಕೈಯಿಂದಲೇ ಹೋಗಬೇಕಿತ್ತು. ಮಂಡಿ ನೋವು ತಡೆಯಲಾರದೆ ಗಲ್ಲಾ ಬಿಟ್ಟುಕೊಟ್ಟೆ ನೋಡಿ, ಅವತ್ತಿನಿಂದ ಎಲ್ಲಿ ಕೂತರೂ ಯಾರಿಗೋ ಅಡ್ಡ.

ಹಾಲಿನಲ್ಲಿ ಕೂತರೆ ನಾಗಶ್ರೀ ಮೆತ್ತಗೆ ಬಂದು, "ಅತ್ತೆ, ಗೆಸ್ಟ್ ಬರ್ತಿದಾರೆ, ಸ್ವಲ್ಪ ಒಳಗೆ ಕೂರ್ತೀರಾ" ಎನ್ನುತ್ತಾಳೆ. ಒಳಗೆ ಹೋದರೆ ಅಲ್ಲಿ ಒಗೆದ ಬೆಡ್‌ಶೀಟುಗಳ ರಾಶಿ. ಅಂಗಡಿಗೆ ಹೋಗಿ ನಿಂತರೆ ಮಗ, "ಅಮ್ಮ, ನೀನು ರೇಟು ಹೇಳ್ಬೇಡ, ಈಗ ಎಲ್ಲ ಕಂಪ್ಯೂಟರಲ್ಲಿದೆ" ಎನ್ನುತ್ತಾನೆ. ಮಲಗಲು ದಿವಾನವಿದೆ, ಹೊತ್ತು ಹೊತ್ತಿಗೆ ಬಿಸಿ ಊಟವಿದೆ, ಮಕ್ಕಳು ಕೆಟ್ಟವರಲ್ಲ. ಆದರೆ ಬಾಗಿಲು ಹಾಕಿಕೊಂಡು ನನ್ನ ಪಾಡಿಗೆ ನಾನಿರುತ್ತೇನೆ ಎನ್ನಲು ನನಗೊಂದು ಬಾಗಿಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ "ಇಡೀ ಮನೆಯೇ ನಿಂದಲ್ವಾ ಅಮ್ಮ" ಎನ್ನುತ್ತಾರೆ. ಇಡೀ ಮನೆ ನನ್ನದಂತೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅಂಗಡಿಯ ಹಿಂದೆ ದೊಡ್ಡ ಪಾತ್ರೆಗಳನ್ನು ತುಂಬಿಡುತ್ತಿದ್ದ ರೂಮೊಂದಿತ್ತು. ಮಗ ಬೇರೆ ಗೋಡೌನು ಹಿಡಿದ ಮೇಲೆ ಅದು ಖಾಲಿಯಾಯಿತು. ಅಲ್ಲಿ ಮಂಚ ಹಾಕಿ ಇನ್ನೊಂದು ಹೋಂಸ್ಟೇ ರೂಮು ಮಾಡುವ ಯೋಚನೆ ಅವನದು. ಅವನು ಬಾಯಿ ತೆರೆಯುವುದಕ್ಕೆ ಮುಂಚೆ ನಾನೇ ಊಟದ ಮಧ್ಯೆ ಹೇಳಿಬಿಟ್ಟೆ.

"ಆ ಹಿಂದಿನ ರೂಮು ನಂಗೆ ಬೇಕು."

"ಯಾಕಮ್ಮ?"

"ರೈಲು ಬಿಡೋಕೆ."

ಸಾರು ಬಡಿಸುತ್ತಿದ್ದ ನಾಗಶ್ರೀ ಸೌಟು ಎತ್ತಿಕೊಂಡು ಹಾಗೇ ನಿಂತಳು.

ನಾನು ತಮಾಷೆಗೆ ಹೇಳಿದ್ದಲ್ಲ. ನಾನು ಬೀರೂರಿನವಳು. ನಮ್ಮಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್, ಬರುವ ಬಂಡಿಯನ್ನು ಈ ಹಳಿಯಿಂದ ಆ ಹಳಿಗೆ ತಿರುಗಿಸುವ ಕೆಲಸ. ಗೂಡ್ಸ್ ಗಾಡಿ ಹೋಗುವಾಗ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ತಟ್ಟೆ ಲೋಟಗಳು ಗಲಗಲ ಎನ್ನುತ್ತಿದ್ದವು. ಮದುವೆಯಾಗಿ ಇಲ್ಲಿಗೆ ಬಂದರೆ ಈ ಊರಿಗೆ ರೈಲೇ ಇಲ್ಲ. ಬೆಟ್ಟ, ಕಾಫಿ, ಬಸ್ಸು, ಅಷ್ಟೇ. ಅತ್ತೆ ಮನೆಯವರು ನನ್ನನ್ನು 'ಬಯಲುಸೀಮೆಯವಳು' ಎಂದು ಹಂಗಿಸುತ್ತಿದ್ದರು, ನಾನು ಅದನ್ನು ಹೆಮ್ಮೆಯಿಂದಲೇ ಹೊತ್ತುಕೊಂಡು ತಿರುಗಿದೆ. ಚಿಕ್ಕಮಗಳೂರಿನಲ್ಲಿ ಬ್ಯಾಂಕಿನವರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಪುಟಾಣಿ ರೈಲನ್ನು ಪೆಟ್ಟಿಗೆ ಸಮೇತ ಮಾರುತ್ತಿದ್ದಾರೆಂದು ಮೊಬೈಲಿನಲ್ಲಿ ನೋಡಿದೆ. ಯಾರನ್ನೂ ಕೇಳದೆ ತರಿಸಿಬಿಟ್ಟೆ. ಹಳಿ, ಇಂಜಿನ್ನು, ಡಬ್ಬಿಗಳು, ಕರೆಂಟಿನ ಡಬ್ಬ, ಎಲ್ಲ ಇದ್ದವು. ಮಕ್ಕಳ ಚಾವಿ ರೈಲಲ್ಲ, ಕಿಟಕಿಯ ಸರಳು ಕೂಡ ಕಾಣುವಂಥದ್ದು. ಅದನ್ನು ದಿವಾನದ ಕೆಳಗೆ ಬಚ್ಚಿಟ್ಟುಕೊಂಡು ತಿಂಗಳುಗಟ್ಟಲೆ ಒದ್ದಾಡಿದ್ದೆ. ಹಿಂದಿನ ರೂಮಿನಲ್ಲಿ ಗೋಡೆ ಸುತ್ತ ಹಳಿ ಹಾಕಿ ನಮ್ಮ ಬೀರೂರನ್ನೇ ಮಾಡಿಕೊಂಡು ಕೂರಬೇಕು ಎಂಬುದು ನನ್ನ ಆಸೆ.

ಶಶಿಕಿರಣ ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಡಾಕ್ಟರು ರೋಗಿಯ ಹತ್ತಿರ ಮಾತಾಡುವ ಹಾಗೆ ಮಾತಾಡಿದ. "ಅಮ್ಮ, ದಸರಾ ರಜೆಗೆ ಗೆಸ್ಟ್ ಜಾಸ್ತಿ. ಆಯುಧಪೂಜೆ ದಿನಕ್ಕೆ ಒಂದು ಫ್ಯಾಮಿಲಿ ಆಗ್ಲೇ ಕೇಳಿದಾರೆ. ಅಷ್ಟರೊಳಗೆ ನಿನ್ನ ರೈಲು ಎಲ್ಲಾ ಡಬ್ಬಿ ಕಟ್ಕೊಂಡು ಆ ರೂಮು ಒಂದು ಸುತ್ತು ಹಾಕಿದ್ರೆ ರೂಮು ನಿಂದು. ಇಲ್ಲಾಂದ್ರೆ ನಾನು ಮಂಚ ಹಾಕ್ತೀನಿ. ಆಮೇಲೆ ಮುಖ ಊದಿಸ್ಕೋಬಾರ್ದು."

"ನಾನ್ಯಾಕೆ ಮುಖ ಊದಿಸ್ಕೊಳ್ಳಲಿ" ಎಂದೆ, ಆಗಲೇ ಊದಿಸಿಕೊಂಡು.

ರೈಲಿಗೆ ಮೊದಲು ಬೇಕಾದದ್ದು ಅದು ಓಡಲು ಒಂದು ಕಟ್ಟೆ. ನೆಲದ ಮೇಲೆ ಹಳಿ ಹಾಕಿದರೆ ಈ ಮಂಡಿ ಇಟ್ಟುಕೊಂಡು ನಾನು ಬಗ್ಗುವುದು ಹೇಗೆ? ಊರಿನ ಬಡಗಿಗಳನ್ನು ಕೇಳಿದೆ. ಒಬ್ಬರು ದೀಪಾವಳಿ ಕಳೆಯಲಿ ಎಂದರು. ಇನ್ನೊಬ್ಬರು ರೈಲು ಎಂದ ತಕ್ಷಣ ನನ್ನನ್ನು ಬಿಟ್ಟು ನನ್ನ ಮಗನ ಮುಖ ನೋಡಿದರು. ಕೊನೆಗೆ ಸಿಕ್ಕವಳು ಬಣಕಲ್ಲಿನ ಧನ್ಯಶ್ರೀ. ಎಸ್ಟೇಟ್ ಕೂಲಿಗಳ ಲೈನ್ ಮನೆಯಲ್ಲಿ ಬೆಳೆದವಳು, ತಾಯಿ ಈಗಲೂ ಕಾಫಿ ಕುಯ್ಯಲು ಹೋಗುತ್ತಾರೆ. ಇವಳು ಮರಗೆಲಸ ಕಲಿತು ಎಸ್ಟೇಟುಗಳಿಗೆ ಡ್ರೈಯಿಂಗ್ ಬೆಡ್ ಮಾಡಿಕೊಡುತ್ತಾಳೆ. ಈಗ ಒಳ್ಳೆಯ ಕಾಫಿಯನ್ನು ಕಣದಲ್ಲಿ ಹರಡುವುದಿಲ್ಲವಲ್ಲ, ಮರದ ಕಾಲುಗಳ ಮೇಲೆ ಬಲೆ ಬಿಗಿದ ಉದ್ದನೆಯ ಕಟ್ಟೆಗಳ ಮೇಲೆ ಹರಡಿ ಒಣಗಿಸುತ್ತಾರೆ, ಅದು. ಸ್ಕೂಟರಿನ ಹಿಂದೆ ಡ್ರಿಲ್ಲಿಂಗ್ ಮೆಷಿನ್ ಕಟ್ಟಿಕೊಂಡು ಬಂದಳು.

"ರೂಮೊಳಗೆ ಏನು ಒಣಗಿಸ್ತೀರಿ ಅಮ್ಮ?" ಎಂದು ಕೇಳಿದಳು.

"ಒಣಗ್ಸೋದೇನಿಲ್ಲ ಮಾರಾಯ್ತಿ. ರೈಲು ಓಡ್ಸೋದು."

ಪೆಟ್ಟಿಗೆ ತೆರೆದು ತೋರಿಸಿದೆ. ಒಂದು ಡಬ್ಬಿಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿ, "ಭಾರ ಏನಿಲ್ಲ. ಆದ್ರೆ ಅಲ್ಲಾಡ್ಬಾರ್ದು ಅಲ್ವಾ" ಎಂದಳು. ನನ್ನ ವಯಸ್ಸನ್ನು ನೋಡದೆ ರೈಲಿನ ಭಾರವನ್ನು ನೋಡಿದ ಮೊದಲನೆಯವಳು ಅವಳು. ಅಲ್ಲೇ ಒಪ್ಪಿಬಿಟ್ಟೆ.

ಅಳತೆಗೆ ಅವಳು ಟೇಪು ಹಿಡಿದದ್ದು ಗೋಡೆಗಲ್ಲ, ಮೊದಲು ನನಗೆ. ಕೈ ಚಾಚಿ ಎಂದಳು, ಚಾಚಿದೆ. "ಡಬ್ಬಿ ಗೋಡೆ ಹತ್ರ ಬಿದ್ರೆ ನಿಮ್ಮ ಕೈಗೆ ಸಿಗ್ಬೇಕು, ಅದಕ್ಕಿಂತ ಅಗಲ ಬೇಡ" ಎಂದಳು. ಎತ್ತರ ಹೆಂಗಸರು ನಿಂತು ಕಾಫಿ ಕೈಯಾಡಿಸುವಷ್ಟು, ಅಂದರೆ ಸೊಂಟಕ್ಕಿಂತ ಒಂದು ಗೇಣು ಮೇಲೆ. ಮರಕ್ಕೆ ಒಂದು ಎಸ್ಟೇಟಿನಲ್ಲಿ ಎರಡು ಬೇಸಿಗೆ ಕಂಡ ಸಿಲ್ವರ್ ಓಕ್ ಪಟ್ಟಿಗಳನ್ನು ಹುಡುಕಿ ತಂದಳು. ಹಸಿ ಮರ ತಿರುಚಿಕೊಳ್ಳುತ್ತದೆ, ಅದರ ಜೊತೆ ಹಳಿಯೂ ತಿರುಚಿಕೊಳ್ಳುತ್ತದೆ ಎಂದು ಅವಳ ವಾದ. ಏಣಿಯನ್ನು ಮಲಗಿಸಿದ ಹಾಗೆ ಉದ್ದಕ್ಕೆ ಎರಡು ಪಟ್ಟಿ, ನಡುನಡುವೆ ಅಡ್ಡಪಟ್ಟಿ. ಒಂದು ಬದಿಯನ್ನು ಗೋಡೆಗೆ ಬೋಲ್ಟ್ ಹಾಕಿ ಬಿಗಿದಳು, ಇನ್ನೊಂದು ಬದಿಗೆ ಕಾಲು ಕೊಟ್ಟು, ಕಾಲಿನಿಂದ ಮೇಲಕ್ಕೆ ಓರೆಯಾಗಿ ಆನಿಕೆ ಕೊಟ್ಟಳು. ಮೊಳೆ ಒಂದೂ ಇಲ್ಲ, ಎಲ್ಲ ಸ್ಕ್ರೂ. ಬಾಗಿಲಿನ ಹತ್ತಿರ ಮಾತ್ರ ಎತ್ತಿಡಬಹುದಾದ ಹಲಗೆ, ಇಲ್ಲದಿದ್ದರೆ ನಾನು ಒಳಗೆ ಹೋಗುವುದು ಹೇಗೆ.

ನಾನು ಸ್ಟೂಲು ಹಾಕಿಕೊಂಡು ದಿನವೆಲ್ಲ ಅವಳ ತಲೆ ತಿನ್ನುತ್ತಿದ್ದೆ. ಆ ಸ್ಕ್ರೂ ಬಿಗೀಲಿಲ್ಲ, ಈ ಪಟ್ಟಿ ಗಂಟು ಗಂಟಾಗಿದೆ ಎಂದು ಒಂದೇ ಸಮ. ಅವಳು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಒಂದು ಸಲ ಮಾತಾಡದೆ ಕಟ್ಟೆಯ ಮೇಲೆ ಹತ್ತಿ ನಿಂತು ಕುಣಿದು ತೋರಿಸಿದಳು. ಕಟ್ಟೆ ಕಿರ್ ಎನ್ನಲಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನಾಗಶ್ರೀ ಕಾಫಿ ಕೊಡುವ ನೆಪದಲ್ಲಿ ಬಂದವಳು ಒಂದೊಂದು ದಿನ ಟೇಪಿನ ಇನ್ನೊಂದು ತುದಿ ಹಿಡಿದು ನಿಲ್ಲತೊಡಗಿದಳು.

ಕಿಟಕಿಯ ಗೋಡೆಗೆ ಗುರುತು ಹಾಕುವ ದಿನ ನಾನು ಕಾಫಿ ಹೀರುತ್ತಾ ಹೇಳಿದೆ, "ಕಿಟಕಿ ಕಡೆಗೆ ಸ್ವಲ್ಪ ವಾಟ ಇರ್ಲಮ್ಮ."

"ಕೊಟ್ಟಾಯ್ತು ಅಮ್ಮ" ಎಂದಳು ಧನ್ಯಶ್ರೀ, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ.

ಅಷ್ಟೇ ಮಾತು. ನಾಗಶ್ರೀಯೂ ಅಲ್ಲೇ ಇದ್ದಳು, ಸರಿ ಎನ್ನುವ ಹಾಗೆ ತಲೆಯಾಡಿಸಿದಳು. ಮೂವರೂ ಮುಂದಿನ ಕೆಲಸಕ್ಕೆ ಕೈ ಹಾಕಿದೆವು. ಮೇಲೆ ಪ್ಲೈವುಡ್ ಕೂತಿತು, ಅದರ ಮೇಲೆ ಹಳಿ ಕೂತಿತು, ಕರೆಂಟಿನ ತಂತಿ ಕಟ್ಟೆಯ ಅಡಿಯಿಂದ ಬಂತು. ಎಲ್ಲ ಮುಗಿಯುವ ಹೊತ್ತಿಗೆ ಆಯುಧಪೂಜೆ ಬಂದೇಬಿಟ್ಟಿತು.

ಅವತ್ತು ಬೆಳಿಗ್ಗೆ ಶಶಿಕಿರಣ ಅಂಗಡಿಯ ತಕ್ಕಡಿ, ಟೆಂಪೊ, ಸ್ಕೂಟರುಗಳನ್ನು ತೊಳೆದು ಹೂ ಮುಡಿಸಿದ. ಧನ್ಯಶ್ರೀ ತನ್ನ ಡ್ರಿಲ್ಲಿಂಗ್ ಮೆಷಿನ್ನನ್ನೂ ಅಲ್ಲೇ ಇಟ್ಟಳು. ನಾಗಶ್ರೀ ಯಾರಿಗೂ ಹೇಳದೆ ನನ್ನ ಇಂಜಿನ್ನಿನ ಹಣೆಗೆ ವಿಭೂತಿ ಹಚ್ಚಿ, ಒಂದು ಸೇವಂತಿಗೆ ಎಸಳು ಅಂಟಿಸಿ ಕೈಗೆ ಕೊಟ್ಟಳು. ಗೆಸ್ಟುಗಳು ಸಂಜೆಗೆ ಬರುವವರಿದ್ದರು. ಮಡಿಸುವ ಮಂಚವೊಂದು ಹಿಂದಿನ ರೂಮಿನ ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಿಯೂ ನೋಡದವಳ ಹಾಗೆ ಒಳಗೆ ಹೋದೆ.

ಎಲ್ಲಾ ಡಬ್ಬಿಗಳನ್ನು ಸಿಕ್ಕಿಸಿ ಗುಂಡಿ ತಿರುಗಿಸಿದೆ. ಇಂಜಿನ್ನು ಜುಂಯ್ ಎಂದು ಹೊರಟಿತು. ಬಾಗಿಲಿನ ಹಲಗೆ ದಾಟಿತು, ಎಡಗೋಡೆಯ ಉದ್ದಕ್ಕೂ ಬಾಣ ಬಿಟ್ಟಂತೆ ಓಡಿತು. "ನಿಧಾನ ಅತ್ತೆ" ಎಂದಳು ನಾಗಶ್ರೀ. ನಾನು ನಿಧಾನ ಮಾಡಿಯೇ ಇದ್ದೆ, ಅದು ಕೇಳುತ್ತಿರಲಿಲ್ಲ. ಕಿಟಕಿಯ ಗೋಡೆಯನ್ನು ಸುತ್ತಿ ಬಲಗಡೆಗೆ ತಿರುಗಿತು ನೋಡಿ, ಅಲ್ಲಿಗೆ ಮುಗಿಯಿತು. ಉಸಿರು ಕಟ್ಟಿದ ಹಾಗೆ ನಿಂತೇಬಿಟ್ಟಿತು. ಚಕ್ರ ತಿರುಗುತ್ತಿದೆ, ಬಂಡಿ ನಿಂತಿದೆ. ಪೂರ್ತಿ ಕರೆಂಟು ಕೊಟ್ಟೆ. ಚಕ್ರ ಇನ್ನೂ ಜೋರಾಗಿ ತಿರುಗಿತು, ಬಂಡಿ ಮಾತ್ರ ಹಿಂದಕ್ಕೆ ಜಾರಿತು. ಧನ್ಯಶ್ರೀ ಕೈ ಹಾಕಿ ಸರಿಮಾಡಲು ಹೋದಾಗ ಕೊನೆಯ ಡಬ್ಬಿಯ ಕೊಂಡಿ ಕಳಚಿ, ಅದು ತಾನೇ ಹೊರಟು ಮೂಲೆಯಿಂದ ಹಾರಿತು. ನಾಗಶ್ರೀ ಸೆರಗೊಡ್ಡಿ ಹಿಡಿಯದಿದ್ದರೆ ನೆಲಕ್ಕೆ ಬಿದ್ದು ಪುಡಿಯಾಗುತ್ತಿತ್ತು.

ಧನ್ಯಶ್ರೀ ನೀರಿನ ಪೈಪು ತಂದು ಎರಡೂ ಕಡೆ ಮಟ್ಟ ಹಿಡಿದು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಕಿಟಕಿ ಕಡೆ ಮೂರು ಬೆರಳು ಇಳಿಜಾರಿದೆ ಅಮ್ಮ."

"ಯಾಕಿದೆ?"

"ವಾಟ ಕೊಟ್ಟಿದ್ವಲ್ಲ."

"ರೈಲಿಗೆ ಯಾರಾದ್ರೂ ವಾಟ ಕೊಡ್ತಾರೇನೇ?"

"ನೀವೇ ಹೇಳಿದ್ರಿ ಅಮ್ಮ, ಕಿಟಕಿ ಕಡೆಗೆ ಸ್ವಲ್ಪ ಇರ್ಲಿ ಅಂತ."

"ನಾನು ಹೇಳೋಕೆ ಮುಂಚೆನೇ ಕೊಟ್ಟುಬಿಟ್ಟಿದ್ದೆಯಲ್ಲ ನೀನು."

"ಯಾವಾಗ್ಲೂ ಕೊಡ್ತೀನಿ" ಎಂದಳು, ದನಿ ಸಣ್ಣದಾಗಿ. "ಟಾರ್ಪಾಲ್ ಹೊದಿಸಿದಾಗ ಮಳೆ ನೀರು ನಿಲ್ಬಾರ್ದು ಅಂತ."

"ರೂಮೊಳಗೆ ಯಾವ ಮಳೆ ಬರತ್ತೆ ಮಾರಾಯ್ತಿ?"

ಬೋಲ್ಟುಗಳನ್ನೆಲ್ಲ ಕಿತ್ತು ಗೋಡೆಗೆ ಹೊಸ ತೂತು ಕೊರೆದು ಕಟ್ಟೆಯನ್ನು ಎತ್ತಲು ಎಷ್ಟು ಹೊತ್ತು ಬೇಕೆಂದು ಕೇಳಿದೆ. ಇವತ್ತು ನಾಳೆಗೆ ಆಗುವ ಮಾತಲ್ಲ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಂದು ಮುಗಿದ ಮೇಲೆ ಸ್ಟೂಲಿನ ಮೇಲೆ ಕುಸಿದು ಕೂತೆ.

ಬೈಯಬೇಕಾದದ್ದು ಅವಳನ್ನಲ್ಲ ಎಂದು ನನಗೆ ಗೊತ್ತಿತ್ತು. ಸ್ಟೇಷನ್ನಿನಲ್ಲಿ ಹಳಿ ಸಮನಾಗಿರಬೇಕು, ನಿಲ್ಲಿಸಿದ ಡಬ್ಬಿ ತಾನಾಗಿ ಹೊರಡಬಾರದು ಎಂದು ಅಪ್ಪ ನನಗೆ ಲಂಗ ಹಾಕುವ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದರು. ಅದು ಗೊತ್ತಿದ್ದವಳು ಈ ಮನೆಯಲ್ಲಿ ನಾನೊಬ್ಬಳೇ. ಆದರೂ ಬಾಯಿ ತಾನಾಗಿ ವಾಟ ಎಂದಿತು. ಅಂಗಳಕ್ಕೆ ವಾಟ, ಕಣಕ್ಕೆ ವಾಟ, ಬಚ್ಚಲಿಗೆ ವಾಟ, ತಾರಸಿಗೆ ವಾಟ, ಗಾರೆಯವರು ಬಂದಾಗಲೆಲ್ಲ ಇದೇ ಮಾತನ್ನು ಹೇಳಿ ಹೇಳಿ, ಇಲ್ಲಿನ ಮಳೆ ನನ್ನ ತಲೆಯೊಳಗೂ ಕಾಲುವೆ ತೋಡಿಬಿಟ್ಟಿದೆ. ಬಯಲುಸೀಮೆಯವಳು ಎಂದು ಬೀಗಿಕೊಂಡು ತಿರುಗಿದ್ದೆಲ್ಲ ಯಾರಿಗಾಗಿ? ಬೀರೂರು ಕಟ್ಟಲು ಹೊರಟು ಅಪ್ಪಟ ಮೂಡಿಗೆರೆ ಕಟ್ಟಿಟ್ಟಿದ್ದೆ. ಅತ್ತ ಬೀರೂರೂ ಇಲ್ಲ, ಇತ್ತ ರೂಮೂ ಇಲ್ಲ. ಗೋಡೆ ಕಡೆಗೆ ಮುಖ ಮಾಡಿಕೊಂಡು ಅತ್ತುಬಿಟ್ಟೆ. ನಾಗಶ್ರೀ ಬೆನ್ನ ಮೇಲೆ ಕೈಯಿಟ್ಟಳು, ನಾನು ಆ ಕೈಯನ್ನು ಕೊಡವಲಿಲ್ಲ.

ಅಷ್ಟರಲ್ಲಿ ಶಶಿಕಿರಣ ಬಂದ. ಬಾಗಿಲಲ್ಲೇ ನಿಂತು ಎಲ್ಲರ ಮುಖ ನೋಡಿದ. ಕಟ್ಟೆಯ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಹಳಿಯ ಉದ್ದಕ್ಕೂ ನೋಡಿದ.

"ವಾಟ ಚೆನ್ನಾಗಿ ಕೊಟ್ಟಿದೀರಿ. ಒಂದು ಕೊಡ ನೀರು ಸುರಿದ್ರೂ ನಿಲ್ಲಲ್ಲ."

"ಹಂಗಿಸೋಕೆ ಬಂದ್ಯಾ?" ಎಂದೆ. "ಹಾಕ್ಕೋ ಹೋಗು ನಿನ್ನ ಮಂಚ."

"ಸ್ವಲ್ಪ ಸುಮ್ನಿರಮ್ಮ" ಎಂದ. ಕಳಚಿದ್ದ ಡಬ್ಬಿಯನ್ನು ನಾಗಶ್ರೀಯ ಕೈಯಿಂದ ತೆಗೆದುಕೊಂಡು ಹಳಿಯ ಮೇಲಿಟ್ಟ. ಅದು ಉರುಳಿಕೊಂಡು ಹೋಯಿತು. ಹಿಡಿದ. ಮತ್ತೆ ಇಟ್ಟ, ಮತ್ತೆ ಹಿಡಿದ. ಮೂರನೆಯ ಸಲಕ್ಕೆ ಅವನ ಮುಖ ಪಾತ್ರೆ ವ್ಯಾಪಾರಿಯ ಮುಖವಾಗಿರಲಿಲ್ಲ. "ಮಂಗಳೂರಿಗೆ ಮಾಲು ತರೋಕೆ ಹೋಗುವಾಗ ಸಕಲೇಶಪುರದಲ್ಲಿ ನೋಡಿದೀನಿ" ಎಂದ. "ಘಾಟಿ ಹತ್ತೋ ಗಾಡಿಗೆ ಮುಂದೆ ಒಂದು ಇಂಜಿನ್ನು, ಹಿಂದೆ ಒಂದು. ಹಿಂದಿಂದು ತಳ್ಳತ್ತೆ. ನಿನ್ನ ಹತ್ರ ಇನ್ನೊಂದು ಇಂಜಿನ್ನಿಲ್ವಾ?"

ಇತ್ತು. ಬ್ಯಾಂಕಿನವರ ಪೆಟ್ಟಿಗೆಯ ತಳದಲ್ಲಿ ಕಾಗದ ಸುತ್ತಿಕೊಂಡು ಬಿದ್ದಿತ್ತು. ನಮ್ಮ ಬೀರೂರಿನ ಬಯಲಲ್ಲಿ ತಳ್ಳುವ ಇಂಜಿನ್ನಿನ ಅಗತ್ಯವೇ ಇರಲಿಲ್ಲವಲ್ಲ, ಅದಕ್ಕೆ ನನಗೆ ಹೊಳೆದಿರಲಿಲ್ಲ. ಅವನೇ ಅದನ್ನು ಒರೆಸಿ ಸಾಲಿನ ಕೊನೆಗೆ ಸಿಕ್ಕಿಸಿದ. ಹಿಂದುಮುಂದಾಗಿ ಇಟ್ಟಿದ್ದಾನೋ ಎಂದು ಗದರಿ ನಾನು ಎದ್ದು ನೋಡಿದೆ. ಸರಿಯಾಗಿಯೇ ಇಟ್ಟಿದ್ದ.

ಮೊದಲ ಸಲ ಹಿಂದಿನದು ಅವಸರ ಮಾಡಿತು. ತಿರುವಿನಲ್ಲಿ ನಡುವಿನ ಡಬ್ಬಿ ಎದ್ದು ಪಕ್ಕಕ್ಕೆ ವಾಲಿತು. ಧನ್ಯಶ್ರೀ ಆ ಮೂಲೆಯ ಹಳಿಯ ಸ್ಕ್ರೂ ಸಡಿಲಿಸಿ, ತೆಳ್ಳಗೆ ಒಂದು ಚಕ್ಕೆ ಸೀಳಿ ಹೊರಬದಿಗೆ ಕೊಟ್ಟು ಮತ್ತೆ ಬಿಗಿದಳು. ನಾನು ಅವಳಿಗೆ ಅಂದದ್ದನ್ನೆಲ್ಲ ಅವಳು ಮರೆತಿದ್ದಳೋ, ಇಲ್ಲ ಆಮೇಲೆ ಕೇಳೋಣ ಎಂದು ಇಟ್ಟುಕೊಂಡಿದ್ದಳೋ ಗೊತ್ತಿಲ್ಲ. ಎರಡನೆಯ ಸಲ ಗುಂಡಿಯನ್ನು ಹಾಲು ಕಾಯಿಸುವ ಉರಿಯ ಹಾಗೆ ಸಣ್ಣಗೆ ಇಟ್ಟೆ. ಇಳಿಜಾರಿನಲ್ಲಿ ಎರಡೂ ಇಂಜಿನ್ನುಗಳು ಬಂಡಿಯನ್ನು ಹಿಡಿದುಕೊಂಡು ಬಂದವು. ಕಿಟಕಿಯ ಗೋಡೆ ಸುತ್ತಿದವು. ಬಲಗೋಡೆಯ ಬುಡದಲ್ಲಿ ನಿಂತಂತಾಯಿತು.

"ಇನ್ನೊಂಚೂರು ಕೊಡಮ್ಮ" ಎಂದ ಶಶಿಕಿರಣ.

ಕೊಟ್ಟೆ. ಮುಂದಿನದು ಎಳೆಯಿತು, ಹಿಂದಿನದು ತಳ್ಳಿತು. ಒಂದೊಂದೇ ಡಬ್ಬಿ ಕದಲಿತು. ಅರ್ಧ ಗೋಡೆ ಹತ್ತಿತು, ಮುಕ್ಕಾಲು ಹತ್ತಿತು. ಬಾಗಿಲಿನ ಹಲಗೆಯ ಮೇಲೆ ಮುಂದಿನ ಇಂಜಿನ್ನಿನ ಮೂತಿ ಕಂಡಾಗ ನಾಗಶ್ರೀ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಬಂಡಿ ಹೊರಟ ಜಾಗಕ್ಕೆ ಬಂದು ನಿಂತಿತು, ಎಲ್ಲಾ ಡಬ್ಬಿಗಳೂ ಸೇರಿ.

"ತಳ್ಳಿದ್ದು ಲೆಕ್ಕಕ್ಕಿಲ್ಲ ಅನ್ಬೇಡ ಮತ್ತೆ" ಎಂದೆ ಮಗನಿಗೆ.

"ನಾನೇನೂ ಅನ್ಲಿಲ್ಲ" ಎಂದ. ಅವನು ಆಗಲೇ ಮಂಡಿಯೂರಿ ಕೂತು ಕಟ್ಟೆಯ ಅಡಿಯ ತಂತಿ ನೋಡುತ್ತಿದ್ದ.

"ಹಬ್ಬ ಆದ್ಮೇಲೆ ಬಂದು ಮಟ್ಟ ಮಾಡಿಕೊಡ್ತೀನಿ ಅಮ್ಮ, ಕೂಲಿ ಬೇಡ" ಎಂದಳು ಧನ್ಯಶ್ರೀ.

"ಬೇಡ, ಹಾಗೇ ಇರ್ಲಿ" ಎಂದೆ. ಯಾಕೆ ಹಾಗೆಂದೆನೋ. ಅಂದ ಮೇಲೆ ಅದೇ ಸರಿ ಎನಿಸಿತು. "ನಾನು ಆಗ ಸ್ವಲ್ಪ ಜಾಸ್ತಿ ಮಾತಾಡ್ದೆ. ಊಟ ಮಾಡ್ಕೊಂಡೇ ಹೋಗ್ಬೇಕು ನೀನು."

"ಹೋಳಿಗೆ ಇದ್ರೆ ಮಾಡ್ತೀನಿ" ಎಂದಳು.

ಆಗ ಶಶಿಕಿರಣನ ಫೋನು ಬಡಿದುಕೊಂಡಿತು. ಸಂಜೆ ಬರಬೇಕಾದ ಗೆಸ್ಟುಗಳು. ಅವನು ನೆಲದಿಂದ ಏಳದೆ, ಒಂದು ಕೈಯಲ್ಲಿ ತಂತಿ ಹಿಡಿದುಕೊಂಡೇ ಮಾತಾಡಿದ. "ಹೇಳಿ ಸರ್... ಹಾಂ, ಮೇಲಿನ ರೂಮು ರೆಡಿ ಇದೆ. ಜನ ಜಾಸ್ತಿ ಆದ್ರೆ ನಮ್ಮ ಬೆಡ್‌ರೂಮೇ ಬಿಟ್ಟುಕೊಡ್ತೀವಿ ಸರ್, ತೊಂದ್ರೆ ಇಲ್ಲ... ಹಿಂದಿನ ರೂಮಾ? ಇಲ್ಲ ಸರ್, ಅದು ಕೊಡೋಕಾಗಲ್ಲ. ಅದು ನಮ್ಮಮ್ಮನ ರೂಮು."

ಮೊದಲಿನಿಂದಲೂ ಹಾಗೇ ಇತ್ತೇನೋ ಎನ್ನುವಷ್ಟು ಸಲೀಸಾಗಿ ಹೇಳಿದ. ಹೇಳಿ ಫೋನನ್ನು ಜೇಬಿಗಿಟ್ಟು ಮತ್ತೆ ಕಟ್ಟೆಯ ಕೆಳಗೆ ತಲೆ ತೂರಿಸಿದ. ಏನಾದರೂ ಖಾರವಾಗಿ ಹೇಳಬೇಕೆಂದು ಬಾಯಿ ತೆರೆದೆ, ಏನೂ ಬರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಬಾಯಿ ನನಗೆ ಕೈಕೊಟ್ಟದ್ದು ಅದೇ ಮೊದಲು. ಕಣ್ಣು ಒರೆಸಿಕೊಂಡೆ, ಎಲ್ಲರೆದುರಿಗೇ.

"ಅತ್ತೆ, ಇನ್ನೊಂದು ಸುತ್ತು ಬಿಡಿ" ಎಂದಳು ನಾಗಶ್ರೀ.

"ನನ್ನ ರೂಮು, ನನ್ನ ರೈಲು. ಬಿಡಬೇಕು ಅನ್ಸಿದಾಗ ಬಿಡ್ತೀನಿ" ಎಂದೆ. ಎಂದು, ಗುಂಡಿ ತಿರುಗಿಸಿದೆ.